ಜಗಳದ ಮಧ್ಯೆ ಒಂದು ನಗು
ನಿನ್ನೆ ಅಣ್ಣನಿಗೂ ನನಗೂ ಜೋರು ಜಗಳ. ಅವನು ಏರುದನಿಯಲ್ಲಿ, "ನಿನಗೆ ಹೇಳೋದೂ ಒಂದೇ, ಗೋರ್ಕಲ್ಲ ಮೇಲೆ ಮೊಳೆ ಸುರಿದ ಹಾಗೇ!" ಅಂದುಬಿಟ್ಟ. ಮಳೆ ಹೋಗಿ ಮೊಳೆ ಆಯ್ತು. ಇಬ್ಬರಿಗೂ ತಡೆಯಲಾಗಲಿಲ್ಲ. ನಕ್ಕ ಮೇಲೆ ಅದೇ ಸಿಟ್ಟು ಮತ್ತೆ ತಂದುಕೊಳ್ಳೋಕೆ ಹೋದರೆ ನಾಟಕದ ಥರ ಕಾಣುತ್ತೆ!

ನಗೋಕೆ ಜೋಕೇ ಬೇಕು ಅಂತೇನಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಮಾಲ್, ರಸ್ತೆಬದಿಗಳಲ್ಲಿ ಜನ ನಕ್ಕ ಸುಮಾರು 1200 ಸಂದರ್ಭಗಳನ್ನು ಗಮನಿಸಿ ಬರೆದುಕೊಂಡರು. ಅದರಲ್ಲಿ ಜೋಕು ಅನ್ನಬಹುದಾದ ಮಾತಿಗೆ ನಕ್ಕಿದ್ದು ಶೇ. 20ಕ್ಕಿಂತ ಕಡಿಮೆ. ಉಳಿದದ್ದೆಲ್ಲ "ಆಮೇಲೆ ಸಿಗೋಣ" ಥರದ ಸಪ್ಪೆ ಮಾತಿಗೆ. ಒಬ್ಬರೇ ಇರುವಾಗಿನದಕ್ಕಿಂತ ಜೊತೆಗೆ ಜನ ಇದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗ್ತೀವಂತೆ. ಅಂದರೆ ನಗು ಬಹುಪಾಲು "ನಾನು ನಿನ್ನ ಕಡೆಯವನೇ" ಅಂತ ತಿಳಿಸುವ ಸದ್ದು.

ಆದರೆ ನಿನ್ನೆ ಅಣ್ಣ ತಡವರಿಸಿದಾಗ ನಾನೊಬ್ಬಳೇ ನಕ್ಕಿದ್ದರೆ? ಊಟ ಬಿಟ್ಟು ಎದ್ದು ಹೋಗ್ತಿದ್ದ, ಅನುಮಾನವೇ ಇಲ್ಲ. ಮಯಸಭೆಯಲ್ಲಿ ನೀರಿಗೆ ಬಿದ್ದ ದುರ್ಯೋಧನನಿಗೆ ಉರಿ ಹತ್ತಿಸಿದ್ದು ಬಟ್ಟೆ ಒದ್ದೆಯಾಗಿದ್ದಲ್ಲ, ಸುತ್ತ ಕೇಳಿದ ನಗು. ಅವನೂ ಜೊತೆಗೆ ನಕ್ಕುಬಿಟ್ಟಿದ್ದರೆ ಅಂತ ಕೆಲವೊಮ್ಮೆ ಅನಿಸುತ್ತೆ, ಆದರೆ ಬಿದ್ದವನ ಹತ್ತಿರ ಅದನ್ನು ಕೇಳೋದು ಅನ್ಯಾಯ.

ಫ್ಯಾಮಿಲಿ ವಾಟ್ಸಾಪ್ ಗ್ರೂಪಿನ ಜಗಳಗಳಲ್ಲಿ ಕಣ್ಣೀರು ಸುರಿಸಿ ನಗುವ ಎಮೋಜಿ ಹಾಕುವವರ ಮೇಲೆ ನನಗೆ ಸಿಟ್ಟು ಬರೋದೂ ಇದಕ್ಕೇ. ಜೊತೆಗೆ ನಗ್ತಿದ್ದಾರೋ, ನಮ್ಮನ್ನು ನೋಡಿ ನಗ್ತಿದ್ದಾರೋ ಗೊತ್ತೇ ಆಗಲ್ಲ.