ಒಂದು ಸ್ಪೇಸ್ ಅಳಿಸಿದ್ದಕ್ಕೆ

ಪೀಣ್ಯದಿಂದ ಫೋನ್ ಬಂದಾಗ ನಾನು ಚಿತ್ರಾನ್ನದ ಡಬ್ಬಿ ಆಗಷ್ಟೇ ತೆರೆದಿದ್ದೆ. ಸರ್ವಿಸ್ ಟೀಮಿನವರು ಕಾಲನ್ನು ನನಗೆ ತಿರುಗಿಸಿದ್ದರು. "ಮ್ಯಾನ್ಯುಅಲ್ ಡೌಟಂತೆ, ಬರೆದೋರೇ ಮಾತಾಡಿ" ಅಂತ.

ಆ ಕಡೆ ಇದ್ದವರು ಒಂದು ವರ್ಕ್‌ಶಾಪಿನ ಮೆಕ್ಯಾನಿಕ್. ಸ್ಕ್ರೂ ಕಂಪ್ರೆಸರ್‌ಗೆ, ಅಂದ್ರೆ ಗಾಳಿ ಒತ್ತಿ ತುಂಬುವ ಮೆಷಿನ್‌ಗೆ, ಆಯಿಲ್ ಬದಲಾಯಿಸುತ್ತಿದ್ದರು. ನಮ್ಮ ಮೊದಲ ಕನ್ನಡ ಮ್ಯಾನ್ಯುಅಲ್ ಹೊರಬಂದು ಆಗ ನಾಲ್ಕೇ ದಿನ.

"ಮೇಡಂ, ಆಯಿಲ್ ತುಂಬಿ, ಎರಡು ನಿಮಿಷ ಓಡಿಸಿ ನಿಲ್ಲಿಸಿದೆ. ಲೆವೆಲ್ ಕಡಿಮೆ ತೋರಿಸ್ತಿದೆ. ಹಂತ 3 ಮತ್ತು 6 ಮತ್ತೆ ಮಾಡಿ ಅಂತ ಬರೆದಿದೆ. ಮಾಡ್ಲಾ?"

ನನ್ನ ಮುಂದೆ ವಿಎಸ್ ಕೋಡ್ ಪ್ರಿವ್ಯೂ ಇತ್ತು, ಅಂದ್ರೆ ಬರೆಯೋ ಎಡಿಟರ್‌ನಲ್ಲೇ ಪುಟ ಹೇಗೆ ಕಾಣುತ್ತೆ ಅಂತ ತೋರಿಸೋ ಕಿಟಕಿ. ಹಂತ 3, ಒತ್ತಡ ಇಳಿಸಿ. ಹಂತ 6, ಹೊಸ ಆಯಿಲ್ ತುಂಬಿ. ಎಲ್ಲ ಸರಿಯಾಗೇ ಇದೆ. "ಹೌದು ಸರ್, ಏನು ಬರೆದಿದೆಯೋ ಹಾಗೇ ಮಾಡಿ" ಅಂದೆ. ದನಿಯಲ್ಲಿ ಸ್ವಲ್ಪ ಅಸಡ್ಡೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಬರೆದದ್ದನ್ನು ಓದೋದಕ್ಕೂ ಫೋನ್ ಮಾಡ್ತಾರಲ್ಲ ಅಂತ.

"3ರಲ್ಲಿ ಒಂದೇ ಸಾಲಿದೆ ಮೇಡಂ. ಹೇಗೆ ಇಳಿಸಬೇಕು ಅಂತ ಇಲ್ಲ."

"ಅದರ ಕೆಳಗೆ ಅ, ಆ ಅಂತ ಇದೆ ನೋಡಿ."

"ಅ, ಆ ಎಲ್ಲೂ ಇಲ್ಲ. 4, 5 ಇದೆ."

ಕನ್ನಡ ಫಾಂಟ್ ಕೈಕೊಟ್ಟಿರಬೇಕು ಅಂದುಕೊಂಡೆ. ನಮ್ಮ ಕೆಲಸದಲ್ಲಿ ಏನು ಕೆಟ್ಟರೂ ಮೊದಲ ಆರೋಪಿ ಫಾಂಟೇ. "ಪರವಾಗಿಲ್ಲ, ಅವೆರಡೂ ಮಾಡಿ, ಆಮೇಲೆ 6 ಮಾಡಿ" ಅಂದೆ.

ಸ್ಪ್ಯಾನರ್ ಎತ್ತಿಕೊಂಡ ಸದ್ದು ಕೇಳಿಸಿತು. ಆಮೇಲೆ ಅವರೇ ತಡೆದು ಕೇಳಿದರು. "ಅಲ್ಲ ಮೇಡಂ, ಈಗ ತಾನೇ ಸುರಿದ ಹೊಸ ಆಯಿಲ್‌ನ ಯಾಕೆ ಡ್ರೇನ್ ಮಾಡ್ಬೇಕು?"

"ಅಣ್ಣಾ, ಮುಟ್ಟಬೇಡಿ. ಏನನ್ನೂ ಮುಟ್ಟಬೇಡಿ."

ಅಲ್ಲಿಯವರೆಗೆ ಸರ್ ಆಗಿದ್ದವರು ಅಣ್ಣ ಆಗಿದ್ದು ನನಗೇ ಗೊತ್ತಾಗಲಿಲ್ಲ. ಮೆಷಿನ್ ಆಗಷ್ಟೇ ಓಡಿ ನಿಂತಿದೆ. ಟ್ಯಾಂಕಿನೊಳಗೆ ಒತ್ತಡ, ಬಿಸಿ ಆಯಿಲ್. ಒತ್ತಡ ಇಳಿಸದೆ ಡ್ರೇನ್ ವಾಲ್ವ್ ತಿರುಗಿಸಿದರೆ ಅದು ಮುಖಕ್ಕೇ ಚಿಮ್ಮುತ್ತೆ. ಅವರನ್ನು ಲೈನಿನಲ್ಲೇ ಇರಿಸಿಕೊಂಡು ರಿಲೀಸ್ ಆದ ಪಿಡಿಎಫ್ ಡೌನ್‌ಲೋಡ್‌ಗೆ ಹಾಕಿದೆ. ಆ ನೀಲಿ ಗೆರೆ ತೆವಳುತ್ತಿತ್ತು. ಇಬ್ಬರೂ ಮಾತಾಡಲಿಲ್ಲ. ಹಿಂದೆ ಯಾವುದೋ ಲೇತ್ ಓಡುವ ಸದ್ದು ಮಾತ್ರ ಬರುತ್ತಿತ್ತು.

ಪಿಡಿಎಫ್ ತೆರೆಯಿತು. 3ರ ಒಳಗಿದ್ದ ಎರಡು ಉಪಹಂತಗಳು ಮುಂದೆ ಸರಿದು 4 ಮತ್ತು 5 ಆಗಿದ್ದವು. ಡ್ರೇನ್ ಮಾಡುವ ಹಂತ 4 ಈಗ 6. ಆಯಿಲ್ ತುಂಬುವ 6 ಈಗ 8. "3 ಮತ್ತು 6 ಮತ್ತೆ ಮಾಡಿ" ಅನ್ನೋದು ಮಾತ್ರ ನಾನು ಕೈಯಾರೆ ಟೈಪ್ ಮಾಡಿದ ಅಂಕಿ. ಅದು ಹಾಗೇ ಕೂತಿತ್ತು.

ಮಾಡಿದ್ದು ನಾನೇ. ನಾವು ಮ್ಯಾನ್ಯುಅಲ್ ಬರೆಯೋದು ಮಾರ್ಕ್‌ಡೌನ್‌ನಲ್ಲಿ. ಅದು ಸಾದಾ ಪಠ್ಯ, ಸಾಲಿನ ಮುಂದಿನ ಸ್ಪೇಸ್ ನೋಡಿಯೇ ಯಾವುದು ಉಪಹಂತ ಅಂತ ಟೂಲ್ ತಿಳಿದುಕೊಳ್ಳುತ್ತೆ. ರಿಲೀಸ್ ಹಿಂದಿನ ಸಂಜೆ, ರಿವ್ಯೂ ಎಲ್ಲ ಮುಗಿದ ಮೇಲೆ, ಸೋರ್ಸ್ ಫೈಲ್ ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ಉಪಹಂತಗಳ ಮುಂದೆ ನಾಲ್ಕು ಸ್ಪೇಸ್ ಇತ್ತು. ಅಂಕಿ, ಚುಕ್ಕೆ, ಒಂದು ಸ್ಪೇಸ್ ಸೇರಿದರೆ ಮೂರೇ ಅಲ್ವಾ? ಅಕ್ಷರದ ಕೆಳಗೆ ಅಕ್ಷರ ನಿಲ್ಲಲಿ ಅಂತ ಎಲ್ಲ ಕಡೆ ಒಂದೊಂದು ಸ್ಪೇಸ್ ಅಳಿಸಿದೆ. ಪ್ರಿವ್ಯೂ ಅಚ್ಚುಕಟ್ಟಾಗಿ ಬಂತು. ಖುಷಿಯಿಂದ ಮುಖ್ಯ ಪ್ರತಿಗೆ ಮರ್ಜ್ ಮಾಡಿ ಮನೆಗೆ ಹೋದೆ.

ವಿಎಸ್ ಕೋಡ್ ಪ್ರಿವ್ಯೂ ಕಾಮನ್‌ಮಾರ್ಕ್ ಅನ್ನೋ ಮಾರ್ಕ್‌ಡೌನ್ ನಿಯಮಾವಳಿ ನೋಡುತ್ತೆ. ಉಪಪಟ್ಟಿ ಮೇಲಿನ ಸಾಲಿನ ಅಕ್ಷರದ ನೇರಕ್ಕೆ ಬಂದರೆ ಸಾಕು, ಮೂರು ಸ್ಪೇಸ್ ನಡೆಯುತ್ತೆ. ನಮ್ಮ ಬಿಲ್ಡ್, ಅಂದ್ರೆ ಸೋರ್ಸ್ ಫೈಲಿನಿಂದ ಪಿಡಿಎಫ್ ಮಾಡೋ ಕೆಲಸ, ಓಡೋದು ಎಂಕೆಡಾಕ್ಸ್ ಅನ್ನೋ ಟೂಲಿನಲ್ಲಿ. ಅದರೊಳಗೆ ಮಾರ್ಕ್‌ಡೌನ್ ಓದೋದು ಪೈಥಾನ್-ಮಾರ್ಕ್‌ಡೌನ್. ಅದಕ್ಕೆ ನಾಲ್ಕೇ ಬೇಕು. ಮೂರು ಕೊಟ್ಟರೆ ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸುಮ್ನೆ ಹಂತ, ಉಪಹಂತ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿಬಿಡುತ್ತೆ. ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ತಂದಾಗ ಇಂಥ ಎಷ್ಟೋ ವಿಷಯ ಬಿಗಿಯಾಗಿ ಹೇಳಿರಲಿಲ್ಲ. ಅದನ್ನು ಬಿಗಿ ಮಾಡೋಕೆ ಕಾಮನ್‌ಮಾರ್ಕ್ ಬಂದಿದ್ದು 2014ರಲ್ಲಿ. ಅಷ್ಟರಲ್ಲಿ ಒಂದೊಂದು ಟೂಲಿಗೆ ಒಂದೊಂದು ಅಭ್ಯಾಸ ಆಗಿಹೋಗಿತ್ತು.

ತಮಾಷೆ ಅಂದ್ರೆ ಉಪಹಂತಕ್ಕೆ ಅ, ಆ ಹಾಕಬೇಕೋ ಎ, ಬಿ ಹಾಕಬೇಕೋ ಅಂತ ನಾವು ಎರಡು ಮೀಟಿಂಗ್ ಮಾಡಿದ್ದೆವು. ಪುಟದ ರೂಪ ಹೇಳೋ ಸಿಎಸ್‌ಎಸ್‌ನಲ್ಲಿ ಪಟ್ಟಿಗೆ ಕನ್ನಡ ಅಂತಲೇ ಒಂದು ಆಯ್ಕೆ ಇದೆ. ಹಾಕಿ ನೋಡಿದರೆ ಬರೋದು ೧, ೨, ೩. ಅ, ಆ ಬೇಕಂದ್ರೆ ಕೌಂಟರ್ ಸ್ಟೈಲ್, ಅಂದ್ರೆ ಎಣಿಕೆಗೆ ಯಾವ ಗುರುತು ಅನ್ನೋ ನಿಯಮ, ನಾವೇ ಬರೀಬೇಕು. ಅದನ್ನೂ ಬರೆದೆವು. ಕೊನೆಯ ಪಿಡಿಎಫ್ ತೆರೆದು ನೋಡಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಈಗ ನಾನು "ಹಂತ 6" ಅಂತ ಬರೆಯೋದೇ ಇಲ್ಲ. "ಒತ್ತಡ ಇಳಿಸಿ, ಮತ್ತೆ ಆಯಿಲ್ ತುಂಬಿ" ಅಂತ ಕೆಲಸವನ್ನೇ ಬರೀತೀನಿ. ಉಪಹಂತದ ಮುಂದೆ ನಾಲ್ಕು ಸ್ಪೇಸ್ ಇಲ್ಲದಿದ್ದರೆ ಬಿಲ್ಡ್ ನಿಲ್ಲಿಸೋಕೆ ಒಂದು ಸಣ್ಣ ಸ್ಕ್ರಿಪ್ಟ್ ಕೇಳಿದೆ. ಮ್ಯಾನೇಜರ್ ಅದರ ಬದಲು ಚೆಕ್‌ಲಿಸ್ಟ್ ಕಳಿಸಿದರು. ವರ್ಡ್ ಫೈಲ್. ಎಲ್ಲಿಂದಲೋ ಪೇಸ್ಟ್ ಮಾಡಿದ್ದರಿಂದ ಅದರಲ್ಲಿ 4 ಆದಮೇಲೆ ಮತ್ತೆ 1 ಬರುತ್ತೆ. ಕೊನೆಗೆ ಸ್ಕ್ರಿಪ್ಟನ್ನು ನಾನೇ ಬರೆದೆ.

ಎರಡು ದಿನ ಬಿಟ್ಟು ತಿದ್ದಿದ ಪ್ರಿಂಟ್ ಹಿಡಿದು ಪೀಣ್ಯಕ್ಕೆ ಹೋದೆ. ಅವರು ಹಳೇ ಹಾಳೆಯಲ್ಲಿ 6 ಹೊಡೆದು ಪಕ್ಕದಲ್ಲಿ ಬಾಲ್ ಪೆನ್ನಿನಿಂದ 8 ಅಂತ ದಪ್ಪಗೆ ಬರೆದಿದ್ದರು. 3, 4, 5ಕ್ಕೆ ಒಂದು ದೊಡ್ಡ ಕಂಸ ಹಾಕಿದ್ದರು. ಆಮೇಲೆ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಕಂಪ್ರೆಸರ್ ಪಕ್ಕ ತೂಗುಹಾಕಿದ್ದರು. ಹೊಸದನ್ನು ಕೊಟ್ಟರೆ ತಿರುಗಿಸಿ ನೋಡಿ ಟೇಬಲ್ ಮೇಲಿಟ್ಟರು.

"ಇರಲಿ ಬಿಡಿ ಮೇಡಂ. ಅದಕ್ಕೆ ಲ್ಯಾಮಿನೇಷನ್ ಆಗೋಗಿದೆ."