ಕ್ಲೀವ್‌ಲ್ಯಾಂಡ್ ಹೋಲಿಕೆ ಸಾಕು, 1876 ನೋಡಿ

ಟ್ರಂಪ್ 2024ರಲ್ಲಿ ಗೆದ್ದ ಮೇಲೆ ಅಮೆರಿಕದ ಹತ್ತೊಂಬತ್ತನೇ ಶತಮಾನದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಹೆಸರು ಮತ್ತೆ ಚಾಲ್ತಿಗೆ ಬಂತು. ಅಧ್ಯಕ್ಷರಾಗಿ, ಸೋತು, ನಾಲ್ಕು ವರ್ಷ ಬಿಟ್ಟು ಮರಳಿ ಬಂದವರು ಇವರಿಬ್ಬರೇ. ಸಾಮ್ಯ ಅಲ್ಲಿಗೇ ಮುಗಿಯಿತು. ಕ್ಲೀವ್‌ಲ್ಯಾಂಡ್ 1884, 1888, 1892 ಮೂರೂ ಸಲ ಎಲ್ಲರಿಗಿಂತ ಹೆಚ್ಚು ಜನಮತ ಪಡೆದಿದ್ದರು. 1888ರಲ್ಲಿ ಎಲೆಕ್ಟೋರಲ್ ಮತಗಳಲ್ಲಿ (ರಾಜ್ಯಗಳ ಎಲೆಕ್ಟರ್‌ಗಳು ಹಾಕುವ, ಅಧ್ಯಕ್ಷರನ್ನು ನಿರ್ಧರಿಸುವ ಮತಗಳು) 233-168ರಿಂದ ಸೋತರು. ಟ್ರಂಪ್ ಜನಮತದಲ್ಲಿ ಮುಂದಿದ್ದದ್ದು 2024ರಲ್ಲಿ ಮಾತ್ರ. ವ್ಯಕ್ತಿಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಸಿಗುವುದು ಇಷ್ಟೇ. ಎಣಿಕೆಯ ವ್ಯವಸ್ಥೆ ಎಲ್ಲೆಲ್ಲಿ ಕೈಕೊಟ್ಟಿತು ಎಂದು ಹೋಲಿಸಿ ನೋಡಿ, ಆಗ ವಿಷಯ ಸಿಗುತ್ತದೆ.

1876ರಲ್ಲಿ ಗೆಲ್ಲಲು 185 ಎಲೆಕ್ಟೋರಲ್ ಮತ ಬೇಕಿತ್ತು. ಡೆಮಾಕ್ರಟ್ ಟಿಲ್ಡನ್ ಬಳಿ 184, ರಿಪಬ್ಲಿಕನ್ ಹೇಯ್ಸ್ ಬಳಿ 165. ಉಳಿದ 20 ವಿವಾದದಲ್ಲಿ: ಲೂಸಿಯಾನ 8, ಸೌತ್ ಕೆರೊಲಿನಾ 7, ಫ್ಲೋರಿಡಾ 4, ಒರೆಗಾನ್ 1. ಒಂದೇ ರಾಜ್ಯದಿಂದ ಎಲೆಕ್ಟರ್ ಮತಗಳ ಎರಡೆರಡು ಪಟ್ಟಿಗಳು ವಾಷಿಂಗ್ಟನ್ ತಲುಪಿದವು. ಸಂವಿಧಾನದ 12ನೇ ತಿದ್ದುಪಡಿ ನೋಡಿದರೆ, ಸೆನೆಟ್‌ನ ಅಧ್ಯಕ್ಷರು (ಸಾಮಾನ್ಯವಾಗಿ ದೇಶದ ಉಪಾಧ್ಯಕ್ಷರು) ಲಕೋಟೆ ತೆರೆಯಬೇಕು, ಆಮೇಲೆ ಮತಗಳನ್ನು ಎಣಿಸಬೇಕು ಎಂದಷ್ಟೇ ಇದೆ. ಎಣಿಸುವವರು ಯಾರು? ಬರೆದಿಲ್ಲ. ಸೆನೆಟ್ ರಿಪಬ್ಲಿಕನ್ನರ ಕೈಯಲ್ಲಿ, ಪ್ರತಿನಿಧಿ ಸಭೆ ಡೆಮಾಕ್ರಟರ ಕೈಯಲ್ಲಿ. ಕೊನೆಗೆ ಐವರು ಸೆನೆಟರ್‌ಗಳು, ಐವರು ಪ್ರತಿನಿಧಿಗಳು, ಐವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಆಯೋಗ ರಚನೆಯಾಯಿತು. ಪಕ್ಷಾತೀತರೆಂದು ನಂಬಿದ್ದ ಡೇವಿಡ್ ಡೇವಿಸ್ ಅಷ್ಟರಲ್ಲಿ ಸೆನೆಟ್‌ಗೆ ಆಯ್ಕೆಯಾಗಿ ಹಿಂದೆ ಸರಿದರು, ಆ ಜಾಗಕ್ಕೆ ರಿಪಬ್ಲಿಕನ್ ಬ್ರಾಡ್ಲಿ ಬಂದರು. ಪ್ರತಿ ತೀರ್ಪೂ 8-7. ಅಷ್ಟೂ 20 ಮತ ಹೇಯ್ಸ್‌ಗೆ ಹೋಗಿ, 185-184.

ಇಂಥ ಗೋಜಲು ಮತ್ತೆ ಆಗಬಾರದೆಂದು 1887ರಲ್ಲಿ ಎಲೆಕ್ಟೋರಲ್ ಕೌಂಟ್ ಆಕ್ಟ್ ಬಂತು. ಅದೂ ಸಡಿಲವೇ: ಆಕ್ಷೇಪಕ್ಕೆ ಪ್ರತಿ ಸದನದಿಂದ ಒಬ್ಬೊಬ್ಬರು ಸಹಿ ಹಾಕಿದರೆ ಸಾಕು, ಎಣಿಕೆ ನಿಲ್ಲಿಸಿ ಎರಡೂ ಸದನಗಳು ಚರ್ಚಿಸಬೇಕು. 2021ರ ಜನವರಿ 6ರಂದು, 2020ರ ಚುನಾವಣೆಯ ಎಣಿಕೆಯಲ್ಲಿ, ಅರಿಜೋನಾ, ಪೆನ್ಸಿಲ್ವೇನಿಯಾಗಳ ಮೇಲೆ ಆಕ್ಷೇಪ ಎದ್ದದ್ದು ಈ ಬಾಗಿಲಿನಿಂದಲೇ.

ಆಗ ಟ್ರಂಪ್ ಸೋತ ರಾಜ್ಯಗಳಿಂದ ಬಂದ ಪರ್ಯಾಯ ಎಲೆಕ್ಟರ್ ಪಟ್ಟಿಗಳ ಸಮರ್ಥನೆಗೆ ಅವರ ಪರದವರು 1960ರ ಹವಾಯಿಯನ್ನು ಎಳೆದು ತಂದರು: ಅಲ್ಲಿಂದಲೂ ಎರಡೂ ಪಕ್ಷಗಳ ಪಟ್ಟಿ ಬಂದಿತ್ತು. ಈ ಹೋಲಿಕೆ ನಿಲ್ಲುವುದಿಲ್ಲ. ಹವಾಯಿಯಲ್ಲಿ ಮರುಎಣಿಕೆ ನಡೆದು ಕೆನಡಿ 115 ಮತಗಳಿಂದ ಗೆದ್ದಿದ್ದರು. ರಿಪಬ್ಲಿಕನ್ ಗವರ್ನರ್ ಅವರೇ ಡೆಮಾಕ್ರಟರ ಪಟ್ಟಿಗೆ ಪ್ರಮಾಣಪತ್ರ ಕೊಟ್ಟರು. ಕೆನಡಿಯ ಎದುರಾಳಿಯಾಗಿದ್ದು, ಉಪಾಧ್ಯಕ್ಷರಾಗಿ ಎಣಿಕೆಯ ಅಧ್ಯಕ್ಷತೆ ವಹಿಸಿದ್ದ ನಿಕ್ಸನ್ ಅದನ್ನೇ ಒಪ್ಪಿ ತಮ್ಮ ವಿರುದ್ಧವೇ ಎಣಿಸಿದರು. 2020ರ ಪರ್ಯಾಯ ಪಟ್ಟಿಗಳಲ್ಲಿ ಒಂದಕ್ಕೂ ಗವರ್ನರ್ ಪ್ರಮಾಣಪತ್ರ ಇರಲಿಲ್ಲ.

1887ರ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಈ ತೂತುಗಳನ್ನು ಮುಚ್ಚಿತು. ಆಕ್ಷೇಪಕ್ಕೆ ಈಗ ಪ್ರತಿ ಸದನದ ಐದನೇ ಒಂದು ಭಾಗ ಸದಸ್ಯರ ಸಹಿ ಬೇಕು. ಉಪಾಧ್ಯಕ್ಷರದ್ದು ಬರೀ ವಿಧಿವಿಧಾನದ ಪಾತ್ರ. ಎಲೆಕ್ಟರ್‌ಗಳು ಸೇರುವ ಆರು ದಿನ ಮೊದಲೇ ರಾಜ್ಯ ಪ್ರಮಾಣಪತ್ರ ಕೊಟ್ಟಿರಬೇಕು.

ಜಗಳ ಹಾಗಾಗಿ ವಾಷಿಂಗ್ಟನ್‌ನಿಂದ ಕೆಳಕ್ಕೆ, ಸ್ಥಳೀಯ ಮಟ್ಟಕ್ಕೆ ಇಳಿದಿದೆ. ಅದೇ 2022ರಲ್ಲಿ ನ್ಯೂ ಮೆಕ್ಸಿಕೋದ ಒಟೆರೋ ಕೌಂಟಿಯ (ಜಿಲ್ಲೆಯಂಥ ಘಟಕ) ಆಡಳಿತ ಮಂಡಳಿ ಪ್ರಾಥಮಿಕ ಚುನಾವಣೆಯ ಫಲಿತಾಂಶವನ್ನು ದೃಢೀಕರಿಸಲು ನಿರಾಕರಿಸಿತು. ರಾಜ್ಯದ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ 2-1ರಿಂದ ಒಪ್ಪಿತು. 1876ರಲ್ಲೂ ಕಿತಾಪತಿ ಶುರುವಾದದ್ದು ವಾಷಿಂಗ್ಟನ್‌ಗಿಂತ ಕೆಳಗೇ: ಲೂಸಿಯಾನದ ಫಲಿತಾಂಶ ಪರಿಶೀಲನಾ ಮಂಡಳಿ ಸಾವಿರಾರು ಡೆಮಾಕ್ರಟಿಕ್ ಮತಗಳನ್ನು ತಳ್ಳಿಹಾಕಿತ್ತು. ವಾಷಿಂಗ್ಟನ್‌ಗೆ ಎರಡು ಪಟ್ಟಿ ಬಂದದ್ದು ಆಮೇಲೆ.