ನಕಾಟಾ ಬಗ್ಗೆ ಈ ಪ್ರಶ್ನೆ ಇನ್ನು ಸಾಕು

‘ಅಲ್ಲಾ, ಹಿದೆತೋಶಿ ನಕಾಟಾಗೆ ಅಷ್ಟೊಂದು ಹೆಸರು ಬಂದಿದ್ದು ಕೂದಲಿಗೆ ಬಣ್ಣ ಹಚ್ಚಿಕೊಂಡಿದ್ದಕ್ಕೆ ತಾನೆ?’

ಅಲ್ಲ.

ಜಪಾನಿನ ಈ ಫುಟ್‌ಬಾಲ್ ಆಟಗಾರನ ಮಾತು ಬಂದಲ್ಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಕೇಳುವವರಿಗೆ ಬೇಕಿರುವುದು ಉತ್ತರವಲ್ಲ, ನಾನು ತಲೆಯಾಡಿಸಬೇಕು ಅಷ್ಟೆ. ಒಂದು ಮದುವೆಯ ಊಟಕ್ಕೆ ಕೂತಾಗ ಪಕ್ಕದವರು ಇನ್ನೂ ಮುಂದೆ ಹೋಗಿ, ‘ಇಟಲಿಯವರು ಅವನನ್ನ ಕೊಂಡಿದ್ದೇ ಜಪಾನಲ್ಲಿ ಜರ್ಸಿ ಮಾರೋಕೆ’ ಅಂದರು. ಹೋಳಿಗೆಗೆ ತುಪ್ಪ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಅವರ ಕಡೆ ತಿರುಗಿದೆ.

ಜರ್ಸಿ ಮಾರಾಟವಾಗಿದ್ದು ನಿಜ ಸ್ವಾಮಿ. ಆದರೆ 1998ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಪೆರುಜಾ ಕ್ಲಬ್ ಪರ ಮೊದಲ ಲೀಗ್ ಪಂದ್ಯ ಆಡಿದಾಗ ಅವನಿಗೆ 21 ವರ್ಷ, ಎದುರಿಗಿದ್ದಿದ್ದು ಹಾಲಿ ಚಾಂಪಿಯನ್ ಯುವೆಂಟಸ್. ಪೆರುಜಾ 4-3ರಿಂದ ಸೋತಿತು, ಎರಡು ಗೋಲು ಇವನದು. ಆ ಸೀಸನ್ನಿನಲ್ಲಿ ಲೀಗ್‌ನಲ್ಲೇ ಹತ್ತು ಗೋಲು ಹೊಡೆದ. ಜರ್ಸಿ ಗೋಲು ಹೊಡೆಯುತ್ತದೆಯೇ?

2001ರ ಮೇ ತಿಂಗಳಲ್ಲಿ ಟ್ಯೂರಿನ್‌ನಲ್ಲಿ ಅವನ ಆಗಿನ ಕ್ಲಬ್ ರೋಮಾ ಅದೇ ಯುವೆಂಟಸ್ ಎದುರು 2-0 ಹಿಂದೆ ಬಿದ್ದಿತ್ತು. ಯುರೋಪಿಯನ್ ಒಕ್ಕೂಟದಾಚೆಯ ಆಟಗಾರರ ಮೇಲಿದ್ದ ಮಿತಿ ಪಂದ್ಯಕ್ಕೆ ಕೆಲವೇ ದಿನ ಮೊದಲು ಸಡಿಲವಾಗಿದ್ದರಿಂದ ನಕಾಟಾಗೆ ಬದಲಿ ಆಟಗಾರರ ಬೆಂಚಿನಲ್ಲಿ ಜಾಗ ಸಿಕ್ಕಿತ್ತು. ಕೋಚ್ ಹೊರಗೆ ಕರೆದಿದ್ದು ಯಾರನ್ನು ಗೊತ್ತೇ? ರೋಮಾದವರು ದೇವರಂತೆ ಕಾಣುವ ಟೊಟ್ಟಿಯನ್ನು. ಒಳಗೆ ಬಂದ ನಕಾಟಾ ದೂರದಿಂದಲೇ ಒಂದು ಗೋಲು ಬಾರಿಸಿದ. ಕೊನೆಗಳಿಗೆಯಲ್ಲಿ ಅವನ ಇನ್ನೊಂದು ಹೊಡೆತ ಯುವೆಂಟಸ್ ಗೋಲ್‌ಕೀಪರ್ ವಾನ್ ಡರ್ ಸಾರ್ ಕೈಯಿಂದ ಚಿಮ್ಮಿತು, ರೋಮಾದ ಮೊಂಟೆಲ್ಲಾ ಅದನ್ನು ಬಲೆಗೆ ಸೇರಿಸಿದ. 2-2. ಮುಂದಿನ ತಿಂಗಳು ರೋಮಾ ಲೀಗ್ ಗೆದ್ದಿತು.

ಅವರು ಸುಮ್ಮನಾದರು. ಹೋಳಿಗೆ ಆರಿತ್ತು, ಪರವಾಗಿಲ್ಲ.

ಫ್ಯಾಷನ್ ಶೋಗಳ ಮುಂದಿನ ಸಾಲಿನಲ್ಲಿ ಅವನು ಕೂರುತ್ತಿದ್ದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಚಂದ ಕಾಣುವವನು ಚೆನ್ನಾಗಿ ಆಡಲಾರ ಅನ್ನುವ ಅನುಮಾನವೇ ನನಗೆ ಅರ್ಥವಾಗದ್ದು. 2006ರಲ್ಲಿ, 29ನೇ ವಯಸ್ಸಿಗೇ, ಅವನು ಆಟ ಬಿಟ್ಟ. ಆಮೇಲೆ ಊರೂರು ಸುತ್ತಿದ, ಜಪಾನಿನ ಮೂಲೆ ಮೂಲೆಯ ‘ಸಾಕೆ’ ಎಂಬ ಅಕ್ಕಿ ಮದ್ಯದ ತಯಾರಕರನ್ನು, ಕುಶಲಕರ್ಮಿಗಳನ್ನು ಹುಡುಕಿಕೊಂಡು ಹೋದ. ಜನ ಅವನನ್ನು ಮರೆಯಲಿಲ್ಲ. ಯಾಕೆ ಮರೆಯಲಿಲ್ಲ ಅಂತ ಯಾರಾದರೂ ಕೇಳಿ, ಮನೆಗೆ ಕರೆದು ಕಾಫಿ ಕೊಟ್ಟು ಹೇಳುತ್ತೇನೆ.

1997ರ ನವೆಂಬರ್ 16, ಮಲೇಷ್ಯಾದ ಜೊಹೊರ್ ಬಾರು. ಎದುರಾಳಿ ಇರಾನ್. ಗೆದ್ದರೆ ವಿಶ್ವಕಪ್‌ಗೆ ಪ್ರವೇಶ, ಅದುವರೆಗೆ ಜಪಾನ್ ಒಮ್ಮೆಯೂ ಕಾಲಿಡದ ಜಾಗ. ಜಪಾನಿನ ನಕಯಾಮಾ ಹೊಡೆದ ಮೊದಲ ಗೋಲಿಗೆ ಚೆಂಡು ಕೊಟ್ಟವನು ನಕಾಟಾ. ಇರಾನ್ 2-1 ಮುಂದಾದಾಗ ಸಮಬಲದ ಗೋಲಿಗೆ ಜೊತೆಗಾರ ಜೋ ತಲೆಗೆ ಸರಿಯಾಗಿ ಕ್ರಾಸ್ ಇಟ್ಟವನೂ ಅವನೇ. ಹೆಚ್ಚುವರಿ ಅವಧಿ ಮುಗಿಯಲು ಎರಡು ನಿಮಿಷವಿದ್ದಾಗ, ಎಲ್ಲರ ಕಾಲು ಸೋತಿದ್ದಾಗ, ತಾನೇ ನುಗ್ಗಿ ಎಡಗಾಲಲ್ಲಿ ಹೊಡೆದ. ಗೋಲ್‌ಕೀಪರ್ ತಡೆದ, ಜೊತೆಗಾರ ಓಕಾನೊ ಜಾರಿಕೊಂಡು ಬಂದು ತಳ್ಳಿದ, ಗೋಲ್ಡನ್ ಗೋಲ್ — ಆಗಿನ ನಿಯಮದಲ್ಲಿ ಬಿದ್ದ ಕೂಡಲೇ ಪಂದ್ಯ ಮುಗಿಸುವ ಗೋಲು. ಮೂರು ಗೋಲು, ಮೂರರ ಹಿಂದೆಯೂ ಇಪ್ಪತ್ತು ವರ್ಷದ ಆ ಹುಡುಗ.